ಪವರ್ ಕಿಟ್ ಡಬ್ಬಿ ಬಿಚ್ಚಿದಾಗ: ಮನೆಯಲ್ಲೇ ಕೂರಿಸಿಕೊಳ್ಳುವ ಎಂಜಿನ್ ಟ್ಯೂನಿಂಗ್ ಸಾಮಾನುಗಳ ವಿಮರ್ಶೆ

ಕಾರಿನ ಪಿಕಪ್ ಹೆಚ್ಚಿಸುತ್ತೇವೆಂದು ಆನ್‌ಲೈನಿನಲ್ಲಿ ಮಾರುವ ಸಾಮಾನುಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ ನೋಡಿ. ಬೆಲೆ ಬೇರೆ, ಬಣ್ಣ ಬೇರೆ, ಆದರೆ ಬಹುಪಾಲು ಮಾಡುವ ಕೆಲಸ ಒಂದೇ: ಎಂಜಿನ್ ಕಂಪ್ಯೂಟರಿನ, ಅಂದರೆ ಇಸಿಯುವಿನ, ಕಣ್ಣಿಗೆ ಮಣ್ಣೆರಚುವುದು. ಒಂದು ಗಾಳಿಯ ತಾಪಮಾನದ ಬಗ್ಗೆ ಸುಳ್ಳು ಹೇಳುತ್ತದೆ, ಇನ್ನೊಂದು ಡೀಸೆಲ್ ಒತ್ತಡದ ಬಗ್ಗೆ, ಮತ್ತೊಂದು ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡದ, ಅಂದರೆ ಬೂಸ್ಟಿನ, ಬಗ್ಗೆ. ಹಾಗಾಗಿ ಇಲ್ಲಿ ಪ್ರತಿ ಸಾಮಾನಿಗೂ ಕೇಳಿರುವುದು ಎರಡೇ ಪ್ರಶ್ನೆ. ಇದು ಯಾವ ಸೆನ್ಸರಿನ ಮಾತನ್ನು ತಿರುಚುತ್ತದೆ? ಆ ಸುಳ್ಳಿಗೆ ದಂಡ ಕಟ್ಟುವ ಭಾಗ ಯಾವುದು?

ಬ್ರ್ಯಾಂಡ್ ಹೆಸರು ಬೇಕಾಗಿಲ್ಲ. ಒಂದೇ ಸರ್ಕ್ಯೂಟು ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ.

ಮಿಣುಕುವ ಒಬಿಡಿ ಪ್ಲಗ್

ಎಲ್ಲಕ್ಕಿಂತ ಅಗ್ಗದ್ದು ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಸ್ಕ್ಯಾನರ್ ಹಾಕಿ ಕಾರಿನ ದೋಷ ಓದುವ ಜಾಗ) ಚುಚ್ಚುವ ಪುಟ್ಟ ಡಬ್ಬಿ. ಚುಚ್ಚಿದೊಡನೆ ಹಸಿರು, ಕೆಂಪು ದೀಪ ಮಿಣುಕುತ್ತವೆ. ‘ಎಂಜಿನ್ ಕಲಿಯಲು 200 ಕಿಲೋಮೀಟರ್ ಓಡಿಸಿ’ ಎಂದು ಜೊತೆಯ ಚೀಟಿ ಹೇಳುತ್ತದೆ. ಮುಚ್ಚಳ ತೆಗೆದು ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ನೋಡಿ. ಸಾಕೆಟ್ಟಿನ 16ನೇ ಪಿನ್ ಬ್ಯಾಟರಿಯ ಪ್ಲಸ್. 4 ಮತ್ತು 5 ಅರ್ತ್. ಇಸಿಯು ಜೊತೆ ಮಾತಾಡಬೇಕಾದರೆ ಕ್ಯಾನ್ ಬಸ್ಸಿನ, ಅಂದರೆ ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ತಂತಿಜೋಡಿಯ, 6 ಮತ್ತು 14ನೇ ಪಿನ್ ಬೇಕು. ಈ ಜಾತಿಯ ಅಗ್ಗದ ಪ್ಲಗ್ಗುಗಳಲ್ಲಿ ಆ ಎರಡು ಪಿನ್ನಿನಿಂದ ಒಳಗಿನ ಚಿಪ್ಪಿಗೆ ಸರಿಯಾದ ದಾರಿಯೇ ಇರುವುದಿಲ್ಲ; ಕ್ಯಾನ್ ಸಂಕೇತ ಕಳಿಸುವ ಟ್ರಾನ್ಸೀವರ್ ಐಸಿಯೂ ಇರುವುದಿಲ್ಲ. ಇರುವುದು ದೀಪ ಮಿಣುಕಿಸುವ ಒಂದು ಮೈಕ್ರೊಕಂಟ್ರೋಲರ್ ಮಾತ್ರ.

ಹಾಗಾದರೆ ಹಾಕಿದವರಿಗೆ ವ್ಯತ್ಯಾಸ ಅನ್ನಿಸುವುದೇಕೆ? ಚೀಟಿಯಲ್ಲೇ ಉತ್ತರವಿದೆ. ಕೂರಿಸುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ಎಂದು ಬರೆದಿರುತ್ತದೆ. ಹಲವು ಕಾರುಗಳಲ್ಲಿ ಹಾಗೆ ಮಾಡಿದರೆ ಇಸಿಯು ಕಲಿತಿಟ್ಟುಕೊಂಡ ಫ್ಯೂಯಲ್ ಟ್ರಿಮ್ (ಇಂಧನವನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡಬೇಕೆಂಬ ತಿದ್ದುಪಡಿ), ಥ್ರಾಟಲ್ (ಗಾಳಿಯ ಕವಾಟ) ಮೌಲ್ಯಗಳು ಅಳಿಸಿಹೋಗುತ್ತವೆ, ಕೆಲ ದಿನ ಕಾರು ಬೇರೆ ಥರ ಓಡುತ್ತದೆ. ಅದು ಪ್ಲಗ್ಗಿನ ಗುಣವಲ್ಲ, ಟರ್ಮಿನಲ್ ಬಿಚ್ಚಿದ ಗುಣ. ಹಣ ನೀರಿನಲ್ಲಿ ಮಾಡಿದ ಹೋಮ. ಆದರೂ ಈ ಪಟ್ಟಿಯಲ್ಲಿ ಎಂಜಿನ್ನಿಗೆ ಅತಿ ಕಡಿಮೆ ಹಾನಿ ಮಾಡುವ ಸಾಮಾನು ಇದೇ, ಏಕೆಂದರೆ ಇದು ಏನನ್ನೂ ಮಾಡುವುದಿಲ್ಲ.

‘ಚಿಪ್’ ಹೆಸರಿನ ರೆಸಿಸ್ಟರ್

ಎರಡು ವೈರು, ಮೇಲೊಂದು ಹೀಟ್ ಶ್ರಿಂಕ್ ಕವರು, ಒಳಗೆ ಕೆಲವೇ ಪೈಸೆಯ ರೆಸಿಸ್ಟರ್. ಇದನ್ನು ಇಂಟೇಕ್ ಗಾಳಿಯ ತಾಪಮಾನ ಅಳೆಯುವ ಐಎಟಿ ಸೆನ್ಸರಿನ ಕಪ್ಲರಿಗೆ ಸಿಕ್ಕಿಸಬೇಕಂತೆ. ಆ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಬಳಕೆಯಲ್ಲಿರುವ ಬಾಷ್ ಮಾದರಿಯದು 20 ಡಿಗ್ರಿಯಲ್ಲಿ 2.5 ಕಿಲೋಓಮ್, ಸೊನ್ನೆ ಡಿಗ್ರಿಯಲ್ಲಿ 5.9ರ ಆಸುಪಾಸು. ಅದರ ಜಾಗದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಕೂತರೆ ಗಾಳಿ ಯಾವಾಗಲೂ ಸುಮಾರು 5 ಡಿಗ್ರಿಯಲ್ಲಿದೆ ಎಂದೇ ಇಸಿಯು ನಂಬುತ್ತದೆ.

ನಿಜವಾದ ಗಾಳಿ 55 ಡಿಗ್ರಿ ಇದ್ದಾಗ ಏನಾಗುತ್ತದೆ ನೋಡಿ. ಇಂಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಆಧಾರದಲ್ಲಿ ಗಾಳಿಯ ಲೆಕ್ಕ ಹಾಕುವ ಎಂಜಿನ್ನಿನಲ್ಲಿ 5 ಡಿಗ್ರಿ ಗಾಳಿ 55 ಡಿಗ್ರಿ ಗಾಳಿಗಿಂತ ಶೇ. 18ರಷ್ಟು ದಟ್ಟ. ಅಷ್ಟೂ ಪೆಟ್ರೋಲು ಹೆಚ್ಚಾಗಿ ಬೀಳುತ್ತದೆ. ಸಾಮಾನ್ಯ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಹಿಡಿದು ಮಿಶ್ರಣವನ್ನು ಮತ್ತೆ 14.7:1ಕ್ಕೆ (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ) ಎಳೆದು ತರುತ್ತದೆ. ಲಾಂಗ್ ಟರ್ಮ್ ಟ್ರಿಮ್ ಮೈನಸ್ ಹದಿನೈದರ ಹತ್ತಿರ ಹೋಗಿ ನಿಲ್ಲುತ್ತದೆ. ಇನ್ನೂ ಜಾರಿದರೆ ಪೆಟ್ರೋಲು ಅತಿಯಾಗಿದೆ ಎನ್ನುವ ಪಿ0172 ದೋಷದ ಕೋಡು, ಚೆಕ್ ಎಂಜಿನ್ ದೀಪ.

ಹೆಚ್ಚು ಪೆಟ್ರೋಲು ಕುಡಿಯುವುದು ಚಿಕ್ಕ ತೊಂದರೆ. ದೊಡ್ಡದು ಇಗ್ನಿಷನ್ ಟೈಮಿಂಗ್. ಗಾಳಿ ಕಾದಾಗ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನಿಗೆ ಬಡಿಯುವುದು) ಆಗದಿರಲೆಂದು ಇಸಿಯು ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ರೆಸಿಸ್ಟರ್ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ. ಸುಡುಬಿಸಿಲು, ಏರುರಸ್ತೆ, ಪೂರ್ತಿ ಒತ್ತಿದ ಆಕ್ಸಿಲರೇಟರ್ ಮೂರೂ ಕೂಡಿದ ಹೊತ್ತಿನಲ್ಲೇ ರಕ್ಷಣೆ ಇಲ್ಲವಾಗುತ್ತದೆ. ನಾಕ್ ಸೆನ್ಸರ್ ಇದೆಯಲ್ಲ ಎನ್ನಬಹುದು. ಅದು ನಾಕಿಂಗ್ ಶುರುವಾದ ಮೇಲೆ ಮಾತಾಡುವ ಸೆನ್ಸರು, ಮುಂಚೆ ಅಲ್ಲ. ಕೊಳ್ಳಬೇಡಿ.

ಡೀಸೆಲ್ ಟ್ಯೂನಿಂಗ್ ಬಾಕ್ಸ್

ಇದು ನಿಜಕ್ಕೂ ಕೆಲಸ ಮಾಡುವ ಸಾಮಾನು. ಅದೇ ಕಾರಣಕ್ಕೆ ಹೆಚ್ಚು ಹೇಳಬೇಕಾಗಿದೆ.

ಕಾಮನ್ ರೇಲ್ ಡೀಸೆಲ್‌ನಲ್ಲಿ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಕೊಳವೆಯ, ಅಂದರೆ ರೇಲಿನ, ತುದಿಗೆ ಮೂರು ವೈರಿನ ಪ್ರೆಶರ್ ಸೆನ್ಸರ್ ಇರುತ್ತದೆ. ಬಾಕ್ಸು ಆ ಸೆನ್ಸರಿಗೂ ವೈರಿಂಗಿಗೂ ನಡುವೆ ಕೂರುತ್ತದೆ. ಸೆನ್ಸರ್ ಸೊನ್ನೆ ಬಾರ್ ಒತ್ತಡಕ್ಕೆ 0.5 ವೋಲ್ಟ್, 2000 ಬಾರಿಗೆ 4.5 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ವೋಲ್ಟಿಗೆ 500 ಬಾರ್. ಇಸಿಯುಗೆ 1600 ಬಾರ್ ಬೇಕಿದ್ದರೆ ಅದು 3.7 ವೋಲ್ಟಿಗಾಗಿ ಕಾಯುತ್ತದೆ. ಬಾಕ್ಸು ನಡುವೆ 0.2 ವೋಲ್ಟ್ ನುಂಗಿದರೆ ಇಸಿಯುಗೆ ಕಾಣುವುದು 3.5, ಅಂದರೆ 1500 ಬಾರ್. ಒತ್ತಡ ಕಡಿಮೆಯಾಯಿತೆಂದು ಪಂಪಿನ ವಾಲ್ವನ್ನು ಅದು ಇನ್ನಷ್ಟು ದುಡಿಸುತ್ತದೆ. ಕಡೆಗೆ ತೆರೆಯ ಮೇಲೆ 1600, ರೇಲಿನೊಳಗೆ 1700. ಸ್ಕ್ಯಾನರ್ ಹಾಕಿ ನೋಡಿದರೂ ನಿಮಗೆ ಕಾಣುವುದು 1600 ಮಾತ್ರ. ಬಾಕ್ಸ್ ಕೂತ ಗಳಿಗೆಯಿಂದ ನಿಮ್ಮ ಸ್ಕ್ಯಾನರೂ ಸುಳ್ಳನ್ನೇ ಓದುತ್ತಿರುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ಯೋಚಿಸದ ವಿಷಯ ಇದು.

ಈಗ ಡಬ್ಬಿಯ ಮೇಲಿನ ‘ಶೇ. 25 ಹೆಚ್ಚು ಶಕ್ತಿ’. ಇಂಜೆಕ್ಟರ್ ಒಂದೇ ಅವಧಿಗೆ ತೆರೆದಿದ್ದರೆ ಸುರಿಯುವ ಡೀಸೆಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಒತ್ತಡ ಶೇ. 10 ಏರಿದರೆ ಡೀಸೆಲ್ ಶೇ. 5ರಷ್ಟು ಏರುತ್ತದೆ. ಡೀಸೆಲ್ ಶೇ. 20 ಹೆಚ್ಚಬೇಕಾದರೆ ಒತ್ತಡ ಶೇ. 44 ಏರಬೇಕು. ಆಗಲೇ 1600 ಬಾರಿನಲ್ಲಿರುವ ರೇಲನ್ನು 2300ಕ್ಕೆ ಒಯ್ಯಲು ಆಗದು. ಪ್ರೆಶರ್ ಲಿಮಿಟಿಂಗ್ ವಾಲ್ವ್ ಇರುವ ಕಾರಿನಲ್ಲಿ ಅದು ಬಾಯ್ಬಿಟ್ಟು ಒತ್ತಡವೇ ಕುಸಿಯುತ್ತದೆ, ಒತ್ತಡ ಕಡಿಮೆ ಅಥವಾ ಹೆಚ್ಚು ಎನ್ನುವ ಪಿ0087 ಅಥವಾ ಪಿ0088 ಕೋಡು ಬಂದು ಕಾರು ಲಿಂಪ್ ಮೋಡಿಗೆ, ಅಂದರೆ ಶಕ್ತಿ ಕುಗ್ಗಿಸಿಕೊಂಡು ಓಡುವ ಸ್ಥಿತಿಗೆ, ಹೋಗುತ್ತದೆ. ಹಾಗಾಗಿ ರೇಲ್ ಬಾಕ್ಸಿನಿಂದ ಸಿಗುವ ಲಾಭ ಮಧ್ಯದ ಆರ್‌ಪಿಎಮ್‌ನಲ್ಲಿ, ಒತ್ತಡ ಇನ್ನೂ 900–1100 ಬಾರ್ ಇರುವ ಕಡೆ. ಓವರ್‌ಟೇಕಿಗೆ ಆ ಜಾಗವೇ ಬೇಕಾದ್ದರಿಂದ ಓಡಿಸುವವರಿಗೆ ಕಾರು ಚುರುಕಾದಂತೆ ಅನ್ನಿಸುವುದು ಸುಳ್ಳಲ್ಲ. ಗರಿಷ್ಠ ಅಶ್ವಶಕ್ತಿಯ ಅಂಕಿ ಮಾತ್ರ ಬಹುಮಟ್ಟಿಗೆ ಡಬ್ಬಿಯ ಮೇಲಿನ ಅಲಂಕಾರ.

ದಂಡ ಕಟ್ಟುವವರ ಸಾಲು ಉದ್ದವಿದೆ. ತಾನು ಹಳೆಯ ಪ್ರಮಾಣದ ಡೀಸೆಲನ್ನೇ ಸುರಿಯುತ್ತಿದ್ದೇನೆ ಎಂದು ಇಸಿಯು ನಂಬಿದೆ. ಆ ನಂಬಿಕೆಯ ಮೇಲೆ ನಿಂತ ಲೆಕ್ಕಗಳೆಲ್ಲ ತಪ್ಪುತ್ತವೆ. ಹೊಗೆ ಮಿತಿ ಮೊದಲು: ಗಾಳಿ ಸಾಲದ ಹೊತ್ತಿನಲ್ಲಿ ಡೀಸೆಲ್ ತಡೆಯುವ ನಕ್ಷೆಗೆ (ಇಸಿಯುವಿನೊಳಗಿನ ಅಂಕಿಗಳ ಕೋಷ್ಟಕಕ್ಕೆ) ಹೆಚ್ಚುವರಿ ಡೀಸೆಲ್ ಕಾಣುವುದೇ ಇಲ್ಲ, ಕಪ್ಪು ಹೊಗೆ ಬರುತ್ತದೆ. ಆ ಮಸಿ ಎಕ್ಸಾಸ್ಟಿನ ಮಸಿ ಫಿಲ್ಟರಾದ ಡಿಪಿಎಫ್‌ನಲ್ಲಿ ಕೂರುತ್ತದೆ. ಎಷ್ಟು ಮಸಿ ಕೂತಿತೆಂಬ ಅಂದಾಜೂ ತಪ್ಪು. ಕೂತ ಮಸಿಯನ್ನು ಸುಟ್ಟು ಹಾಕುವ ರೀಜನರೇಷನ್ ಪದೇ ಪದೇ ಬರುತ್ತದೆ. ಅದಕ್ಕಾಗಿ ತಡವಾಗಿ ಸುರಿಯುವ ಡೀಸೆಲಿನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಹಿಡಿದು ಆಯಿಲ್ ಸಂಪಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದರೆ ಅದು ಡೀಸೆಲ್. ಸರ್ವಿಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಿಸಬೇಕು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕತೆ ಇನ್ನೂ ಸೂಕ್ಷ್ಮ. ಕ್ಲಚ್ಚನ್ನು ಎಷ್ಟು ಬಿಗಿ ಹಿಡಿಯಬೇಕೆಂದು ಗೇರ್‌ಬಾಕ್ಸ್ ಕಂಪ್ಯೂಟರ್ ತೀರ್ಮಾನಿಸುವುದು ಎಂಜಿನ್ ಇಸಿಯು ಕಳಿಸುವ ಟಾರ್ಕ್ ಅಂಕಿ ನೋಡಿ. ಎಂಜಿನ್ ನಿಜವಾಗಿ 300 ನ್ಯೂಟನ್ ಮೀಟರ್ ಕೊಡುತ್ತಾ ‘ನಾನು ಕೊಡುತ್ತಿರುವುದು 250’ ಎಂದರೆ, ಹಿಡಿತ 250ಕ್ಕೆ ಮಾತ್ರ ಸಿಗುತ್ತದೆ. ಉಳಿದದ್ದು ಜಾರಿಕೆ, ಬಿಸಿ, ಸವೆತ. ಮ್ಯಾನ್ಯುವಲ್ ಕಾರಿನಲ್ಲಿ ಇದೇ ಕತೆ ಕ್ಲಚ್ ಪ್ಲೇಟ್ ಮತ್ತು ಡ್ಯುಯಲ್ ಮಾಸ್ ಫ್ಲೈವೀಲಿನ ಮೇಲೆ ಬೀಳುತ್ತದೆ. ಟಾಪ್ ಗೇರಿನಲ್ಲಿ 1800 ಆರ್‌ಪಿಎಮ್‌ನಿಂದ ಪೂರ್ತಿ ಒತ್ತಿದಾಗ ಸ್ಪೀಡೋಮೀಟರ್ ಏರದೆ ಆರ್‌ಪಿಎಮ್ ಮುಳ್ಳು ಮಾತ್ರ ಎದ್ದರೆ ಕ್ಲಚ್ ಸೋತಿದೆ.

ಹೈ ಪ್ರೆಶರ್ ಪಂಪ್ ಸವೆದು ಲೋಹದ ಚೂರು ಬಿಟ್ಟರೆ ಪಂಪ್ ಬದಲಿಸಿ ಸುಮ್ಮನಾಗುವಂತಿಲ್ಲ. ಚೂರು ರೇಲಿಗೆ, ಇಂಜೆಕ್ಟರಿಗೆ, ರಿಟರ್ನ್ ಲೈನಿನ ಮೂಲಕ ಟ್ಯಾಂಕಿಗೂ ಹೋಗಿರುತ್ತದೆ. ಹಳೆಯ ಕಾರಿಗೆ ಬಾಕ್ಸು ಕೂರಿಸುವ ಮುಂಚೆ ಇಂಜೆಕ್ಟರ್ ಬ್ಯಾಕ್ ಲೀಕ್ ಪರೀಕ್ಷೆ ಮಾಡಿಸಲೇಬೇಕು ಎನ್ನುವುದು ಇದಕ್ಕೇ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಗುರುತು ಹಾಕಿದ ಬಾಟಲಿ ಕಟ್ಟಿ ಒಂದೆರಡು ನಿಮಿಷ ಐಡಲ್ ಓಡಿಸಿದರೆ, ಸವೆದ ಇಂಜೆಕ್ಟರಿನ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೆ. ಅಂಥದ್ದು ಒಂದಿದ್ದರೂ ಬಾಕ್ಸ್ ಬೇಡ.

ಕೂರಿಸುವ ಕೆಲಸ ಹತ್ತು ನಿಮಿಷದ್ದು, ಎಡವಟ್ಟಾಗುವುದೂ ಅಲ್ಲೇ. ಎಂಜಿನ್ ಆರಿಸಿ, ಕೀ ತೆಗೆದು, ಹತ್ತು ನಿಮಿಷ ಬಿಟ್ಟು ಕಪ್ಲರ್ ಮುಟ್ಟಿ. ಸೆನ್ಸರನ್ನೇ ಆಗಲಿ ಸ್ಟೀಲ್ ಪೈಪಿನ ನಟ್ಟನ್ನೇ ಆಗಲಿ ಸಡಿಲಿಸುವ ಅಗತ್ಯ ಎಲ್ಲೂ ಇಲ್ಲ. ಎಂಜಿನ್ ಓಡುತ್ತಿರುವಾಗ ಆ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ; ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಹಳೆಯ ಕಪ್ಲರಿನ ಪ್ಲಾಸ್ಟಿಕ್ ಲಾಕು ಬಿಸಿಗೆ ಒಣಗಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಚಟ್ಟನೆ ಮುರಿಯುತ್ತದೆ. ಲಾಕಿಲ್ಲದ ಕಪ್ಲರ್ ಅದುರಿ ಅದುರಿ ಸಡಿಲವಾದಾಗ ರೇಲ್ ಸಿಗ್ನಲ್ ತಪ್ಪಿ ಪಿ0192 ಅಥವಾ ಪಿ0193 ಬರುತ್ತದೆ, ಓವರ್‌ಟೇಕ್ ನಡುವೆಯೇ ಶಕ್ತಿ ಹೋಗುತ್ತದೆ. ಬಾಕ್ಸನ್ನು ಟರ್ಬೊ ಪಕ್ಕ ಕಟ್ಟಬೇಡಿ. ವೈರು ಕೆಳಮುಖವಾಗಿ ಹೊರಡುವಂತಿರಲಿ, ನೀರು ಒಳಗಿಳಿಯದು.

ಕೊಳ್ಳಲೇಬೇಕೆಂದರೆ ರೇಲ್ ಜೊತೆಗೆ ಬೂಸ್ಟ್ ಸೆನ್ಸರನ್ನೂ ಓದುವ, ಎಂಜಿನ್ ಬಿಸಿಯಾಗುವವರೆಗೆ ಸುಮ್ಮನಿರುವ ಬಾಕ್ಸು ವಾಸಿ. ಒಂದು ಸ್ಕ್ರೂ ತಿರುಗಿಸಿ ಹೆಚ್ಚುಕಡಿಮೆ ಮಾಡುವ ಬಾಕ್ಸು ಐಡಲಿನಲ್ಲೂ ಅಷ್ಟೇ ಸುಳ್ಳು ಹೇಳುತ್ತದೆ. ತಣ್ಣಗಿನ ಎಂಜಿನ್ನಿನ ಟಕಟಕ ಸದ್ದು ಏರುವುದು ಅದಕ್ಕೇ.

ಕೋನ್ ಫಿಲ್ಟರ್

ಸದ್ದಿಗೆ ಕೊಳ್ಳುವುದಾದರೆ ವಾದವಿಲ್ಲ. ಶಕ್ತಿಗಾದರೆ ಮೊದಲು ಒಂದು ಬಿಟ್ಟಿ ಪರೀಕ್ಷೆ ಮಾಡಿ. ಟರ್ಬೊ ಇಲ್ಲದ, ಮ್ಯಾಪ್ ಸೆನ್ಸರ್ ಇರುವ ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ಸ್ಕ್ಯಾನರಿನಲ್ಲಿ ಮ್ಯಾಪ್ ಒತ್ತಡ ಓದಿ. 98 ಕಿಲೋಪಾಸ್ಕಲ್ ಎನ್ನೋಣ. ಆಮೇಲೆ ಪೂರ್ತಿ ಥ್ರಾಟಲಿನಲ್ಲಿ, ಹೆಚ್ಚಿನ ಆರ್‌ಪಿಎಮ್‌ನಲ್ಲಿ ಅದೇ ಅಂಕಿ ನೋಡಿ. 96 ಬಂದರೆ ಫಿಲ್ಟರ್, ಪೈಪು, ಥ್ರಾಟಲ್ ಎಲ್ಲ ಸೇರಿ ತಡೆಯುತ್ತಿರುವುದು 2 ಕಿಲೋಪಾಸ್ಕಲ್. ಫಿಲ್ಟರನ್ನೇ ಕಿತ್ತೆಸೆದರೂ ಸಿಗಬಹುದಾದ ಗಾಳಿ ಶೇ. 2 ಮೀರದು.

ಅತ್ತ ಕಳೆದುಕೊಳ್ಳುವುದು ಎಷ್ಟು? ಕಂಪನಿ ಏರ್‌ಬಾಕ್ಸು ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ. ಬಾನೆಟ್ ಕೆಳಗೆ ಬರಿಮೈಯಲ್ಲಿ ಕೂತ ಕೋನು ರೇಡಿಯೇಟರ್ ದಾಟಿ ಬಂದ ಗಾಳಿಯನ್ನು ಎಳೆಯುತ್ತದೆ. 35 ಡಿಗ್ರಿಯ ಗಾಳಿ 65 ಡಿಗ್ರಿಗೆ ಕಾದರೆ ದಟ್ಟಣೆ ಶೇ. 9 ಇಳಿಯುತ್ತದೆ. ಗಳಿಕೆ ಎರಡು, ನಷ್ಟ ಒಂಬತ್ತು.

ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಇನ್ನೊಂದು ಗುಂಡಿ ಇದೆ. ಆ ಸೆನ್ಸರ್ ಅಳೆಯುವುದು ತನ್ನ ಪಕ್ಕದಲ್ಲಿ ಹಾದ ಗಾಳಿಯನ್ನು ಮಾತ್ರ. ಉಳಿದದ್ದು ಪೈಪಿನ ವ್ಯಾಸ ನಂಬಿ ಹಾಕಿದ ಲೆಕ್ಕ. 70 ಮಿಲಿಮೀಟರ್ ಪೈಪಿನ ಸೆನ್ಸರನ್ನು ಕಿಟ್ಟಿನ 76 ಮಿಲಿಮೀಟರ್ ಪೈಪಿಗೆ ಕೂರಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ. 18 ಹೆಚ್ಚುತ್ತದೆ. ಗಾಳಿಯ ವೇಗ ಅಷ್ಟಕ್ಕೆ ತಕ್ಕಂತೆ ಇಳಿದು, ಇಸಿಯುಗೆ ಶೇ. 15 ಕಡಿಮೆ ಗಾಳಿ ಕಾಣುತ್ತದೆ. ಪೂರ್ತಿ ಥ್ರಾಟಲಿನಲ್ಲಿ 0.85 ಇರಬೇಕಾದ ಲ್ಯಾಂಬ್ಡಾ (14.7:1 ಮಿಶ್ರಣಕ್ಕೆ ಇದು 1; ಅದಕ್ಕಿಂತ ಕಡಿಮೆಯೆಂದರೆ ಪೆಟ್ರೋಲು ಹೆಚ್ಚು) 1.0ರ ಹತ್ತಿರ ಹೋಗುತ್ತದೆ. ಲಾಂಗ್ ಟರ್ಮ್ ಟ್ರಿಮ್ ಒಂದಿಷ್ಟು ಸರಿದೂಗಿಸಬಹುದು, ಆದರೆ ಅದರ ಮೇಲೆ ಎಂಜಿನ್ನಿನ ಆಯಸ್ಸು ಒತ್ತೆ ಇಡಬೇಡಿ. ಪೈಪ್ ಬದಲಾದ ಮೇಲೆ ಟ್ರಿಮ್ ಪ್ಲಸ್ ಹತ್ತು ದಾಟಿದರೆ ಹಳೆ ಪೈಪ್ ವಾಪಸ್ ಹಾಕಿ, ಪೆಟ್ರೋಲು ಕಡಿಮೆ ಎನ್ನುವ ಪಿ0171 ಕೋಡು ಬರಲಿ ಎಂದು ಕಾಯಬೇಡಿ.

ಬಟ್ಟೆಯ ಫಿಲ್ಟರಿಗೆ ಎಣ್ಣೆ ಹಾಕುವವರು ಸಾಮಾನ್ಯವಾಗಿ ಕೈ ಬಿಚ್ಚಿ ಹಾಕುತ್ತಾರೆ. ಹೆಚ್ಚಾದ ಎಣ್ಣೆ ಸೆನ್ಸರಿನ ಬಿಸಿ ತಂತಿಗೆ ಅಂಟುತ್ತದೆ. ಅದನ್ನು ತೊಳೆಯಲು ಏರ್‌ಫ್ಲೋ ಸೆನ್ಸರಿಗೆಂದೇ ಬರುವ ಸ್ಪ್ರೇ ಬೇಕು. ಬ್ರೇಕ್ ಕ್ಲೀನರ್ ಬೇಡ, ಬಟ್ಟೆ ತಾಗಿಸಬೇಡಿ.

ಬೂಸ್ಟ್ ವಾಲ್ವ್ ಮತ್ತು ಫ್ಯೂಯಲ್ ಕಟ್ ಕ್ಲ್ಯಾಂಪ್

ಮ್ಯಾನ್ಯುವಲ್ ಬೂಸ್ಟ್ ಕಂಟ್ರೋಲರ್ ಎಂದರೆ ಒಂದು ಗುಂಡು, ಒಂದು ಸ್ಪ್ರಿಂಗ್, ಒಂದು ತಿರುಪು. ಟರ್ಬೊದಿಂದ ವೇಸ್ಟ್‌ಗೇಟಿಗೆ ಹೋಗುವ ಸಣ್ಣ ಹೋಸಿನ ನಡುವೆ ಕೂರುತ್ತದೆ. ವೇಸ್ಟ್‌ಗೇಟ್ ಎಂದರೆ ಹೆಚ್ಚಾದ ಎಕ್ಸಾಸ್ಟನ್ನು ಟರ್ಬೈನ್ ಬಿಟ್ಟು ಪಕ್ಕದ ದಾರಿಗೆ ತಿರುಗಿಸಿ ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲು. ಬಿಗಿ ಮಾಡಿದಷ್ಟೂ ವೇಸ್ಟ್‌ಗೇಟಿಗೆ ಒತ್ತಡ ತಲುಪುವುದು ತಡ, ಬೂಸ್ಟ್ ಹೆಚ್ಚು. ಸರಳ, ಅಗ್ಗ, ಅಪಾಯಕಾರಿ. ಆ ಹೋಸು ಕಳಚಿದರೆ ವೇಸ್ಟ್‌ಗೇಟ್ ಮುಚ್ಚಿಯೇ ಇರುತ್ತದೆ, ಬೂಸ್ಟಿಗೆ ಲಗಾಮೇ ಇರುವುದಿಲ್ಲ. ಕಿಟ್ಟಿನಲ್ಲಿ ಬರುವ ಪಾರದರ್ಶಕ ಪ್ಲಾಸ್ಟಿಕ್ ಹೋಸು ಬಿಸಿಗೆ ಮೆತ್ತಗಾಗಿ ಜಾರುತ್ತದೆ; ಬಟ್ಟೆ ಹೆಣಿಗೆಯ ರಬ್ಬರ್ ಹೋಸು ಹಾಕಿ, ಎರಡೂ ತುದಿಗೆ ಕ್ಲಿಪ್ ಹಾಕಿ.

‘ಸ್ವಲ್ಪ’ ಎಂದರೆ ಎಷ್ಟು ಎನ್ನುವುದಕ್ಕೊಂದು ಲೆಕ್ಕ. 0.8 ಬಾರ್ ಬೂಸ್ಟನ್ನು 1.2ಕ್ಕೆ ಏರಿಸಿದರೆ ನಿರಪೇಕ್ಷ ಒತ್ತಡ 1.8ರಿಂದ 2.2 ಬಾರ್ ಆಗುತ್ತದೆ, ಶೇ. 22 ಹೆಚ್ಚು. ಗಾಳಿ ಒತ್ತಿದಷ್ಟೂ ಕಾಯುತ್ತದೆ. ಕಂಪ್ರೆಸರ್ ದಕ್ಷತೆ ಶೇ. 70 ಎಂದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಒಳಗೆ ಹೋದ ಗಾಳಿ ಮೊದಲು ಸುಮಾರು 110 ಡಿಗ್ರಿಯಲ್ಲಿ ಹೊರಬರುತ್ತಿತ್ತು, ಈಗ 140ರಲ್ಲಿ ಬರುತ್ತದೆ. ಚಿಕ್ಕ ಟರ್ಬೊವನ್ನು ಅದರ ಮಿತಿ ಮೀರಿ ತಿರುಗಿಸಿದರೆ ದಕ್ಷತೆಯೂ ಕುಸಿದು ಇನ್ನಷ್ಟು ಬಿಸಿ. ಈ ಗಾಳಿಯನ್ನು ತಣಿಸುವ ಕಂಪನಿ ಇಂಟರ್‌ಕೂಲರ್ ಆ ಹಳೆಯ 110 ಡಿಗ್ರಿಗೆ ಅಳತೆ ಮಾಡಿ ಇಟ್ಟದ್ದು.

ಇಸಿಯು ಸುಮ್ಮನೆ ಕೂರುವುದಿಲ್ಲ. ಮಿತಿ ಮೀರಿದ ಬೂಸ್ಟ್ ಕಂಡೊಡನೆ ಪಿ0234 ಬರೆದು, ಥ್ರಾಟಲ್ ಮುಚ್ಚಿ ಅಥವಾ ಪೆಟ್ರೋಲ್ ನಿಲ್ಲಿಸಿ ಎಂಜಿನ್ ಉಳಿಸುತ್ತದೆ. ಈ ರಕ್ಷಣೆಯನ್ನೇ ಒಂದು ದೋಷವೆಂಬಂತೆ ತೋರಿಸಿ, ‘ಫ್ಯೂಯಲ್ ಕಟ್ ನಿವಾರಕ’ ಮಾರುತ್ತಾರೆ. ಮ್ಯಾಪ್ ಸೆನ್ಸರಿನ ವೋಲ್ಟೇಜ್ ಒಂದು ಮಟ್ಟ ದಾಟದಂತೆ ಹಿಡಿದಿಡುವ ಕ್ಲ್ಯಾಂಪ್ ಅದು. ಈ ವಿಮರ್ಶೆಯಲ್ಲಿ ಅತ್ಯಂತ ಕೆಟ್ಟ ಸಾಮಾನು ಯಾವುದೆಂದರೆ ಅನುಮಾನವಿಲ್ಲದೆ ಇದೇ. ಉಳಿದವು ಸುಳ್ಳು ಹೇಳುತ್ತವೆ. ಇದು ಸತ್ಯ ಅತಿ ಅಗತ್ಯವಾದ ಕ್ಷಣದಲ್ಲೇ ಸುಳ್ಳು ಹೇಳುತ್ತದೆ. ಮ್ಯಾಪ್ ನಂಬಿ ಪೆಟ್ರೋಲ್ ಹಾಕುವ ಕಾರಿನಲ್ಲಿ ಬೂಸ್ಟ್ 1.2 ಬಾರಿಗೆ ಹೋದರೂ ಇಸಿಯುಗೆ 0.9 ಕಾಣುತ್ತದೆ. ಪೆಟ್ರೋಲ್ 0.9ಕ್ಕೆ ತಕ್ಕಷ್ಟು, ಟೈಮಿಂಗೂ 0.9ಕ್ಕೆ ತಕ್ಕದ್ದು, ಗಾಳಿ ಮಾತ್ರ 1.2ರದ್ದು. ಮಿಶ್ರಣ ಲೀನ್ (ಪೆಟ್ರೋಲು ಕಡಿಮೆ), ಕಿಡಿ ಬೇಗ, ಗಾಳಿ ಬಿಸಿ. ನಾಕಿಂಗಿಗೆ ಬೇರೇನೂ ಬೇಕಿಲ್ಲ.

ನಾಕಿಂಗಿನ ಗುರುತು ಎಂಜಿನ್ ಬಿಚ್ಚುವ ಮೊದಲೇ ಸ್ಪಾರ್ಕ್ ಪ್ಲಗ್ಗಿನಲ್ಲಿ ಸಿಗುತ್ತದೆ. ಪ್ಲಗ್ ತೆಗೆದು, ಬಿಳಿ ಪಿಂಗಾಣಿಯ ಮೂತಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳಿದ್ದರೆ ನಾಕಿಂಗ್ ಆಗುತ್ತಿದೆ. ನಡುನಡುವೆ ಬೆಳ್ಳಿಯಂತೆ ಹೊಳೆಯುವ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಕಾರು ಅಲ್ಲೇ ನಿಲ್ಲಿಸಿ. ಮುಂದಿನ ಹಂತದಲ್ಲಿ ಪಿಸ್ಟನ್ನಿನ ಅಂಚು ಇಲಿ ಕಡಿದಂತೆ ಕಾಣುತ್ತದೆ, ಮೊದಲ ಎರಡು ರಿಂಗಿನ ನಡುವಿನ ಏಣು ಮುರಿದು ಆ ಸಿಲಿಂಡರಿನ ಕಂಪ್ರೆಷನ್ ಹೋಗುತ್ತದೆ, ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಬುಸುಗುಡುತ್ತದೆ.

ಬೂಸ್ಟ್ ಹೆಚ್ಚಿಸಿದವರು ಒಂದು ಹೀಟ್ ರೇಂಜ್ ತಣ್ಣನೆಯ (ತುದಿಯ ಬಿಸಿಯನ್ನು ಬೇಗ ಬಿಟ್ಟುಕೊಡುವ) ಪ್ಲಗ್ ಹಾಕುವುದು ಸರಿಯಾದ ಅಭ್ಯಾಸ. ಗ್ಯಾಪು 0.7–0.8 ಮಿಲಿಮೀಟರಿಗೆ ಇಳಿಸಿದರೆ ಒತ್ತಡದಲ್ಲಿ ಕಿಡಿ ಆರುವುದಿಲ್ಲ. ವಾಷರ್ ಇರುವ 14 ಎಂಎಂ ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25–30 ನ್ಯೂಟನ್ ಮೀಟರ್ ಟಾರ್ಕ್ ಸಾಕು. ಥ್ರೆಡ್ಡಿಗೆ ಗ್ರೀಸು ಬಳಿದು ಅಷ್ಟೇ ಟಾರ್ಕ್ ಕೊಟ್ಟರೆ ಬಿಗಿ ಹೆಚ್ಚಾಗಿ ಥ್ರೆಡ್ ಹರಿದೀತು. ನಾಕ್ ಸೆನ್ಸರಿನ ಬೋಲ್ಟೂ ಹಾಗೆಯೇ: ಬಾಷ್ ಮಾದರಿಗೆ 20 ನ್ಯೂಟನ್ ಮೀಟರ್ ಆಸುಪಾಸು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಅದರ ಬಿಗಿತದ ಮೇಲೇ ಅದರ ಕಿವಿ ನಿಂತಿದೆ.

ಕೇಬಲ್ ಮತ್ತು ರೀಮ್ಯಾಪ್ ಫೈಲ್

ಇಲ್ಲಿ ಸುಳ್ಳಿಲ್ಲ. ರೀಮ್ಯಾಪ್ ಇಸಿಯುವಿನ ನಕ್ಷೆಗಳನ್ನೇ ತಿದ್ದುತ್ತದೆ, ಆದ್ದರಿಂದ ಸರಿಯಾಗಿ ಮಾಡಿದರೆ ಮೇಲಿನ ಎಲ್ಲಕ್ಕಿಂತ ಶುದ್ಧವಾದ ದಾರಿ. ಟರ್ಬೊ ಎಂಜಿನ್ನಿನಲ್ಲಿ ಫಲ ಎದ್ದು ಕಾಣುತ್ತದೆ. ಟರ್ಬೊ ಇಲ್ಲದ್ದರಲ್ಲಿ ಶಕ್ತಿಯ ಹೆಚ್ಚಳ ಒಂದಂಕಿಯ ಶೇಕಡಾವಾರಿನಲ್ಲೇ ನಿಲ್ಲುತ್ತದೆ, ಉಳಿದದ್ದು ಪೆಡಲ್ ಚುರುಕುಮಾಡಿದ ಭ್ರಮೆ. ತೊಂದರೆ ಇರುವುದು ಅಗ್ಗದ ನಕಲಿ ಕೇಬಲ್ಲಿನಲ್ಲಿ ಮತ್ತು ಯಾರದೋ ಕಾರಿನಿಂದ ಎತ್ತಿದ ಫೈಲಿನಲ್ಲಿ. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಕಾರಿನಲ್ಲೂ ಇಸಿಯು ಹಾರ್ಡ್‌ವೇರ್, ಸಾಫ್ಟ್‌ವೇರ್ ಸಂಖ್ಯೆ ಬೇರೆ ಇರಬಹುದು. ಎರಡೂ ಸಂಖ್ಯೆ ಅಕ್ಷರಕ್ಕಕ್ಷರ ಹೊಂದದಿದ್ದರೆ ಆ ಫೈಲ್ ನಿಮ್ಮದಲ್ಲ.

ಬರೆಯುವ ಮುನ್ನ ಮೂಲ ಫೈಲ್ ಪೂರ್ತಿ ಓದಿ ಎರಡು ಕಡೆ ಉಳಿಸಿಕೊಳ್ಳಿ. ಕೆಲವು ಅಗ್ಗದ ಉಪಕರಣಗಳಿಗೆ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ, ಅಂಥವನ್ನು ಮುಟ್ಟಬೇಡಿ. ಕೀ ಆನ್ ಇಟ್ಟು ಎಂಜಿನ್ ಆರಿಸಿ ಬರೆಯುವಾಗ ಬ್ಯಾಟರಿ ವೋಲ್ಟೇಜ್ ಇಳಿದರೆ ಅರ್ಧಕ್ಕೆ ನಿಂತುಹೋಗುತ್ತದೆ. ಹಲವು ಕಾರುಗಳಲ್ಲಿ ಬರೆಯುವ ಹೊತ್ತಿಗೆ ರೇಡಿಯೇಟರ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಲು ಶುರುಮಾಡುತ್ತದೆ, ಹಳೆ ಬ್ಯಾಟರಿ ಅಲ್ಲೇ ಸೋಲುತ್ತದೆ. 13.5 ವೋಲ್ಟ್ ಸುತ್ತ ಅಲುಗದೆ ನಿಲ್ಲುವ, 30 ಆಂಪಿಯರಾದರೂ, ಸಾಧ್ಯವಾದರೆ 50 ಕೊಡಬಲ್ಲ ಪವರ್ ಸಪ್ಲೈ ಕಟ್ಟಿ. ಮಾಮೂಲಿ ಬ್ಯಾಟರಿ ಚಾರ್ಜರ್ ಇದಕ್ಕೆ ಬದಲಿಯಲ್ಲ. ಲ್ಯಾಪ್‌ಟಾಪ್ ಮಲಗದಂತೆ ಸೆಟ್ಟಿಂಗ್ ಬದಲಿಸಿ, ಅದಕ್ಕೂ ಚಾರ್ಜರ್ ಚುಚ್ಚಿ, ಹೆಡ್‌ಲೈಟು, ಬ್ಲೋವರ್ ಆರಿಸಿ. ಅರ್ಧಕ್ಕೆ ನಿಂತರೆ ಕೀ ತಿರುಗಿಸದೆ ಮತ್ತೆ ಬರೆಯಲು ನೋಡಿ. ಆಗದಿದ್ದರೆ ಇಸಿಯು ಬಿಚ್ಚಿ, ಬೆಂಚಿನ ಮೇಲೆ ಬೂಟ್ ಮೋಡಿನಲ್ಲಿ ಬರೆಯಬಲ್ಲವರ ಹತ್ತಿರ ಒಯ್ಯಬೇಕು.

ಫೈಲ್ ಹೊಂದಿತು, ಬರೆದದ್ದೂ ಸರಿಯಾಯಿತು ಎನ್ನಿ. ಆಗಲೂ ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲಿನಲ್ಲಿ ಒಂದು ಬಲೆ ಉಳಿಯುತ್ತದೆ. 1500 ಆರ್‌ಪಿಎಮ್‌ನಲ್ಲೇ ಟಾರ್ಕ್ ತುಂಬಿದ ಫೈಲು ಓಡಿಸಲು ಮಜವಾಗಿರುತ್ತದೆ, ಆದರೆ ಕನೆಕ್ಟಿಂಗ್ ರಾಡನ್ನು ಬಗ್ಗಿಸುವುದು ಅಶ್ವಶಕ್ತಿಯಲ್ಲ, ಕಡಿಮೆ ಆರ್‌ಪಿಎಮ್‌ನ ಟಾರ್ಕು. ಅದೇ ಜಾಗದಲ್ಲಿ ಎಲ್‌ಎಸ್‌ಪಿಐ ಕಾದಿರುತ್ತದೆ: ಸಿಲಿಂಡರಿನಲ್ಲಿ ಉಳಿದ ಆಯಿಲ್ ಹನಿ ಕಿಡಿಗೂ ಮೊದಲೇ ಹೊತ್ತಿಕೊಳ್ಳುವುದು. ಕಿಡಿಗೆ ಮುಂಚೆಯೇ ಆಗುವ ಬೆಂಕಿಯನ್ನು ಕಿಡಿ ತಡಮಾಡಿ ತಡೆಯಲಾಗದು, ಆದ್ದರಿಂದ ನಾಕ್ ಸೆನ್ಸರ್ ಇದ್ದೂ ಇಲ್ಲದಂತೆ. ಆಯಿಲಿನ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆಂದು ಗೊತ್ತಾದ ಮೇಲೆ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಆಯಿಲ್ ದರ್ಜೆಗಳಲ್ಲಿ, 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ದರ್ಜೆ ಬಂದವು. ರೀಮ್ಯಾಪ್ ಮಾಡಿದ ಇಂಥ ಎಂಜಿನ್ನಿಗೆ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆಯ ಆಯಿಲ್ ಬಿಟ್ಟು ಬೇರೆ ಬೇಡ, ಮೇಲಿನ ಗೇರಿನಲ್ಲಿ 2000 ಆರ್‌ಪಿಎಮ್ ಕೆಳಗೆ ಪೂರ್ತಿ ಒತ್ತುವ ಅಭ್ಯಾಸವೂ ಬೇಡ.

ಗೇರ್‌ಬಾಕ್ಸಿನ ಮಿತಿಯನ್ನು ಫೈಲ್ ಮಾರುವವರು ಹೇಳುವುದಿಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ, ಒಣ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ, ಅಂದರೆ ಡಿಕ್ಯೂ200, 250 ನ್ಯೂಟನ್ ಮೀಟರಿಗೆ ವಿನ್ಯಾಸಗೊಂಡದ್ದು. ಕಂಪನಿಯಿಂದಲೇ 250 ಕೊಡುವ ಎಂಜಿನ್ ಅದಕ್ಕೆ ಜೋಡಿಯಾಗಿದ್ದರೆ ಉಳಿದ ಅಂತರ ಸೊನ್ನೆ. ಅದರ ಮೇಲೆ 300ರ ಫೈಲ್ ಹಾಕುವುದು ಮೂಗಿಗಿಂತ ಮೂಗುತಿ ಭಾರ.

ಡಬ್ಬಿಯಲ್ಲಿ ಇಲ್ಲದ ಸಾಮಾನು

ಮೇಲಿನ ಯಾವ ಕಿಟ್ಟಿನಲ್ಲೂ ಅಳೆಯುವ ಸಾಧನ ಬರುವುದಿಲ್ಲ. ಈ ಖರ್ಚಿನಲ್ಲಿ ಸಾರ್ಥಕವಾಗುವುದು ಅದೊಂದೇ, ಬೇರೇನನ್ನೂ ಕೊಳ್ಳದೆ ಇದ್ದರೂ ಸಹ.

ಮೊದಲನೆಯದು ಕಂಪ್ರೆಷನ್ ಗೇಜ್. ಎಂಜಿನ್ ಬಿಸಿಯಾಗಿರಲಿ, ಪ್ಲಗ್ಗೆಲ್ಲ ಹೊರಗೆ, ಇಂಧನ ಮತ್ತು ಇಗ್ನಿಷನ್ ಬಂದ್, ಥ್ರಾಟಲ್ ಪೂರ್ತಿ ತೆರೆದು ಪ್ರತಿ ಸಿಲಿಂಡರಿಗೆ ಐದಾರು ಬಡಿತ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಯ ನಡುವೆ ಶೇ. 10 ಮೀರಿದರೆ ಟ್ಯೂನಿಂಗ್ ಮಾತು ಬಿಡಿ, ರಿಪೇರಿ ಮಾತಾಡಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಎರಡನೆಯದು, ಪೆಟ್ರೋಲ್ ಟರ್ಬೊಗೆ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಕಿಟ್. ಹಳೆ ಕಾರುಗಳಲ್ಲಿ ಬರುವ ನ್ಯಾರೋಬ್ಯಾಂಡ್ ಸೆನ್ಸರಿಗೆ ಗೊತ್ತಿರುವುದು 14.7ರ ಆಚೆಯೋ ಈಚೆಯೋ ಎಂಬುದಷ್ಟೇ. 12ಕ್ಕೂ 13ಕ್ಕೂ ವ್ಯತ್ಯಾಸ ಹೇಳಲು ಅದರಿಂದಾಗದು. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರುವ ಕಿಟ್ ಒಳ್ಳೆಯ ಆಯ್ಕೆ. ಟರ್ಬೈನ್ ದಾಟಿ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ, ಎಕ್ಸಾಸ್ಟ್ ಪೈಪಿಗೆ 18 ಎಂಎಂ ಥ್ರೆಡ್ಡಿನ ಬಂಗ್, ಅಂದರೆ ಸೆನ್ಸರ್ ಕೂರುವ ಬಳೆ, ವೆಲ್ಡ್ ಮಾಡಿಸಿ. ಸೆನ್ಸರ್ ಅಡ್ಡಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ, ಇಲ್ಲದಿದ್ದರೆ ಪೈಪಿನ ನೀರು ಬಿಸಿ ಪಿಂಗಾಣಿಗೆ ತಾಗಿ ಸೀಳುತ್ತದೆ. ಕರೆಂಟ್ ಕೊಡದೆ ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಕಾರು ಓಡಿಸಿದರೂ ಅದು ಮಸಿ ಹಿಡಿದು ಹಾಳಾಗುತ್ತದೆ.

ಮೂರನೆಯದು ಲಾಗ್ ಬರೆದಿಡುವ ಸ್ಕ್ಯಾನರ್. ಅಗ್ಗದ ಬ್ಲೂಟೂತ್ ಅಡಾಪ್ಟರ್ ನಿಧಾನ, ಆದ್ದರಿಂದ ಆರ್‌ಪಿಎಮ್, ಬೂಸ್ಟ್, ಇಗ್ನಿಷನ್ ಟೈಮಿಂಗ್, ಇಂಟೇಕ್ ತಾಪಮಾನ ಇಷ್ಟೇ ಆಯ್ದುಕೊಳ್ಳಿ. ಓಟ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ರೋಲರ್ ಯಂತ್ರ) ಮೇಲೆ ಇರಲಿ, ಸಾರ್ವಜನಿಕ ರಸ್ತೆಯಲ್ಲಿ ಬೇಡ. ಮೂರನೇ ಗೇರಿನಲ್ಲಿ 2000ದಿಂದ ರೆಡ್‌ಲೈನ್ ತನಕ ಒಂದೇ ಎಳೆತ. ಏನನ್ನೂ ಕೂರಿಸುವ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ 0.88 ಮೀರಿದರೆ, ಅಥವಾ ಒಂದೇ ಆರ್‌ಪಿಎಮ್‌ನಲ್ಲಿ ಮತ್ತೆ ಮತ್ತೆ ಟೈಮಿಂಗ್ ಮೂರ್ನಾಲ್ಕು ಡಿಗ್ರಿ ಹಿಂದೆ ಸರಿದರೆ ಕಾಲು ತೆಗೆಯಿರಿ, ಮಾಡಿದ್ದನ್ನು ಬಿಚ್ಚಿ.

ಉಳಿದ ಚಿಲ್ಲರೆ ಸಾಮಾನು ಬೇಗ ಮುಗಿಸಬಹುದು. ಗಾಳಿಯನ್ನು ಹೊರಕ್ಕೆ ಬಿಡುವ ಬ್ಲೋ ಆಫ್ ವಾಲ್ವ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ ಹೊಂದುವುದಿಲ್ಲ. ಎಣಿಸಿದ ಗಾಳಿ ಹೊರಟುಹೋಗಿ ಗೇರ್ ಬದಲಿಸುವಾಗಲೆಲ್ಲ ಮಿಶ್ರಣ ರಿಚ್ (ಪೆಟ್ರೋಲು ಹೆಚ್ಚು) ಆಗುತ್ತದೆ, ಕೆಲವು ಕಾರುಗಳು ಟ್ರಾಫಿಕ್ ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತವೆ. ಎಂಜಿನ್ ಒಳಗಿನ ಹೊಗೆಯಿಂದ ಆಯಿಲ್ ಹಿಡಿದಿಡುವ ಆಯಿಲ್ ಕ್ಯಾಚ್ ಕ್ಯಾನ್ ಒಳ್ಳೆಯ ವಸ್ತು, ಒಳಗೆ ಬ್ಯಾಫಲ್ (ಅಡ್ಡತಡೆ) ಇದ್ದರೆ. ಖಾಲಿ ಡಬ್ಬಿಯಾದರೆ ಬರೀ ಅಲಂಕಾರ, ಹೋಸು ಮಡಿಚಿಕೊಂಡರೆ ಒಳಒತ್ತಡ ಏರಿ ಆಯಿಲ್ ಸೀಲ್ ಹೊರಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತ ಡೌನ್‌ಪೈಪ್ ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಕನ್ವರ್ಟರ್ ಕೆಲಸ ಮಾಡುತ್ತಿಲ್ಲವೆನ್ನುವ ಪಿ0420 ಕೋಡು ಬೇರೆ ಬೆನ್ನು ಬಿಡದು.

ಸರ್ವಿಸಿಗೆ ಬಿಡುವ ಮುನ್ನ ಬಾಕ್ಸ್ ಕಿತ್ತಿಟ್ಟರೆ ಯಾರಿಗೂ ಗೊತ್ತಾಗದು ಎಂದು ಮಾರುವವರು ಹೇಳುತ್ತಾರೆ. ಫಾಲ್ಟ್ ಕೋಡ್ ಬಿದ್ದ ಕ್ಷಣದ ಆರ್‌ಪಿಎಮ್, ಲೋಡು, ತಾಪಮಾನ ಫ್ರೀಜ್ ಫ್ರೇಮಿನಲ್ಲಿ ಉಳಿಯುತ್ತವೆ. ರೀಮ್ಯಾಪ್ ಮಾಡಿದ್ದರೆ, ಫೈಲ್ ಎಷ್ಟು ಬಾರಿ ಬರೆಯಲಾಗಿದೆ ಎಂಬ ಎಣಿಕೆಯನ್ನು ಎಷ್ಟೋ ಇಸಿಯುಗಳು ಇಟ್ಟುಕೊಂಡಿರುತ್ತವೆ, ಮೂಲ ಫೈಲ್ ವಾಪಸ್ ಹಾಕಿದರೆ ಅದು ಇನ್ನೊಂದು ಏರುತ್ತದೆಯೇ ಹೊರತು ಇಳಿಯುವುದಿಲ್ಲ.